ಕೈ ಜೋರಾಗಿ ಆಡಿಸಿದರೆ ಹಗ್ಗದ ತರಂಗವೂ ಜೋರಾಗಿ ಓಡ್ತದೇನು?

ಸೇಡಂ ಸರ, ಮಗಳಿಗೆ ಹಗ್ಗದಲ್ಲಿ ತರಂಗ ತೋರಿಸುವಾಗ ಕೈ ಬೇಗ ಆಡಿಸಿದರೆ ತರಂಗವೂ ಬೇಗ ಹೋಗ್ತದೇನು ಅಂತ ಕೇಳೀರಿ. ಇಲ್ರಿ. ವೇಗ ನಿಂತಿರೋದು ಹಗ್ಗದ ಬಿಗುವು ಮತ್ತು ಮೀಟರಿಗೆ ಅದರ ತೂಕ ಎಷ್ಟು ಅನ್ನೋದರ ಮೇಲೆ. ಕೈಯಿಂದ ಬದಲಾಗೋದು ಆವೃತ್ತಿ ಮಾತ್ರ, ಅಂದರ ಸೆಕೆಂಡಿಗೆ ಎಷ್ಟು ಸಲ ಆಡಿಸ್ತೀರಿ ಅನ್ನೋದು. ಅದು ಹೆಚ್ಚಾದಷ್ಟು ತರಂಗಾಂತರ (ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರೋ ದೂರ) ಗಿಡ್ಡ ಆಗ್ತದ. ವೇಗ ಸೆಕೆಂಡಿಗೆ 4 ಮೀಟರ್ ಅಂತ ಇಟ್ಕೊಳ್ರಿ: ಸೆಕೆಂಡಿಗೆ 2 ಸಲ ಆಡಿಸಿದರೆ ತರಂಗಾಂತರ 2 ಮೀಟರ್, 4 ಸಲಕ್ಕೆ 1 ಮೀಟರ್. ಗುಣಿಸಿದರೆ ಎರಡೂ ಕಡೆ 4.

ನಿಮಗೆ ವೇಗ ಹೆಚ್ಚಿದಂಗ ಕಂಡಿದ್ದರೆ ಬಹುಶಃ ಕಾರಣ ಇದು: ಜೋರಾಗಿ ಆಡಿಸುವಾಗ ಗೊತ್ತಿಲ್ಲದೆ ಹಗ್ಗ ಜಗ್ಗಿರ್ತೀರಿ, ಬಿಗುವು ಏರಿರ್ತದ.

ಮಗಳಿಗೆ ಹಿಂಗ ತೋರಿಸ್ರಿ: ನುಣುಪಾದ ಶಹಾಬಾದ್ ಫರಸಿ ಮೇಲೆ 6 ಮೀಟರ್ ಉದ್ದದ ದಪ್ಪ ಹಗ್ಗ ಚಾಚಿ, ಒಂದು ತುದಿ ಮಂಚದ ಕಾಲಿಗೆ ಕಟ್ರಿ. ಒರಟು ನೆಲ ಬ್ಯಾಡ, ಅಲೆ ಅರ್ಧಕ್ಕೇ ಸಾಯ್ತದ. ನಡುವೆ ಕೆಂಪು ದಾರ ಗಂಟು ಹಾಕಿ, ಕೈ ಪಕ್ಕಕ್ಕೆ ಒಂದೇ ಸಲ ಜಾಡಿಸ್ರಿ. ದಾರ ಎಡಕ್ಕೆ-ಬಲಕ್ಕೆ ಸರಿದು ಅಲ್ಲೇ ಉಳೀತದ, ಮಂಚದ ಕಡೆ ಹೋಗೋದಿಲ್ಲ. ಹೋಗೋದು ಶಕ್ತಿ. ಬಿಡದೆ ಆಡಿಸಿದರೆ ಕಟ್ಟಿದ ತುದಿಯಿಂದ ಮಗುಚಿ ವಾಪಸ್ ಬರೋ ಅಲೆ ಬೆರೆತು ಎಲ್ಲಾ ಗೊಂದಲ.