ಹಕ್ಕಿ ಕಾಲಂ: ಪೂರ್ತಿ ನೀಲಿ ನೀಲಕಂಠ ನೋಡ್ದೆ ಅಂದ್ರೆ ಯಾರು ನಂಬ್ತಾರೆ?

ಪ್ರಶ್ನೆ: ನಮ್ದು ಕಡೂರು ಹತ್ರ ಹಳ್ಳಿ. ಅಕ್ಟೋಬರ್ ಶುರುವಲ್ಲಿ ಬೆಳಗ್ಗೆ ರಾಗಿ ಹೊಲಕ್ಕೆ ಹೋಗಿದ್ದಾಗ ಕರೆಂಟ್ ತಂತಿ ಮೇಲೆ ಒಂದು ನೀಲಕಂಠ ಕೂತಿತ್ತು, ಆದ್ರೆ ಎದೆ ಕಂದು ಇರ್ಲಿಲ್ಲ, ತಲೆಯಿಂದ ಹೊಟ್ಟೆವರೆಗೂ ಒಂದೇ ತಿಳಿನೀಲಿ. ಮೊಬೈಲಲ್ಲಿ ಎರಡು ಫೋಟೋ ಬಂದಿದೆ, ಎರಡೂ ಮಸುಕು. ನೆಟ್ಟಲ್ಲಿ ಹುಡುಕಿದ್ರೆ ಯುರೋಪಿಯನ್ ರೋಲರ್ ಥರ ಕಾಣ್ಸುತ್ತೆ. ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ದಕ್ಕೆ ಎಲ್ರೂ ನಕ್ಕರು. ಇದನ್ನ ದಾಖಲೆ ಮಾಡಕ್ಕಾಗುತ್ತಾ? ಹೇಗೆ?
– ಓದುಗರೊಬ್ಬರು, ಕಡೂರು ತಾಲ್ಲೂಕು

ಉತ್ತರ: ನಗೋರು ನಗ್ಲಿ ಬಿಡಿ. ನೀವು ನೋಡಿದ್ದು ಅದೇನಾ ಅಲ್ವಾ ಅಂತ ನಾನಿಲ್ಲಿ ಕೂತು ತೀರ್ಪು ಕೊಡಲ್ಲ, ಆದ್ರೆ ತಿಂಗಳಂತೂ ತಾಳೆ ಆಗುತ್ತೆ. ಈ ಯುರೋಪಿಯನ್ ರೋಲರ್ ಯುರೋಪಿಂದ ಮಧ್ಯ ಏಷ್ಯಾ, ನಮ್ಮ ಕಾಶ್ಮೀರದವರೆಗೂ ಮರಿ ಮಾಡುತ್ತೆ, ಚಳಿಗಾಲಕ್ಕೆ ಆಫ್ರಿಕಾಗೆ ಹೋಗುತ್ತೆ. ಹೋಗ್ತಾ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಗುಜರಾತು, ರಾಜಸ್ಥಾನದ ಕಡೆ ತಂತಿ ಮೇಲೆ ಕಾಣ್ಸೋದು ಮಾಮೂಲು. ದಕ್ಷಿಣಕ್ಕೆ ಇಳಿಯೋದು ಮಾತ್ರ ಅಪರೂಪ. ದಾರಿ ತಪ್ಪಿದ ಒಂದು ಹಕ್ಕಿ ಕಡೂರಿನ ಬಯಲಿಗೆ ಬಂದಿರ್ಬಾರ್ದು ಅಂತೇನಿಲ್ಲ.

ಆದ್ರೆ ನಿಮ್ಮ ಗ್ರೂಪಿನವರ ಅನುಮಾನಾನೂ ತೆಗೆದುಹಾಕೋ ಹಾಗಿಲ್ಲ. ನಮ್ಮ ರಾಜ್ಯಪಕ್ಷಿ ನೀಲಕಂಠ ಇದ್ಯಲ್ಲ, ಅದು ಬೆಳಕಿಗೆ ತಕ್ಕ ಹಾಗೆ ಬೇರೆ ಬೇರೆ ಥರ ಕಾಣುತ್ತೆ. ಆ ನೀಲಿ ಗರಿಯಲ್ಲಿರೋ ಬಣ್ಣದ ವಸ್ತುವಿನಿಂದ ಬಂದಿದ್ದಲ್ಲ, ಗರಿಯ ಒಳಗಿನ ರಚನೆ ಬೆಳಕನ್ನ ಚದುರಿಸೋದ್ರಿಂದ ಬರೋದು. ಮೋಡ ಮುಚ್ಚಿದ ದಿನ ರೆಕ್ಕೆ ಮಡಚಿ ಕೂತ್ಕೊಂಡ್ರೆ ಮಂಕು ಕಂದು ಹಕ್ಕಿ, ಬಿಸಿಲಲ್ಲಿ ಹಾರಿದ್ರೆ ನೀಲಿ ಬೆಂಕಿ. ಅದರ ಮೇಲೆ ಮೊಬೈಲ್ ಕ್ಯಾಮೆರಾ ತಾನೇ ಬಣ್ಣ ತಿದ್ದಿ ಕೊಡುತ್ತೆ ಬೇರೆ. ಹಾಗಾಗಿ 'ತುಂಬಾ ನೀಲಿ ಇತ್ತು' ಅನ್ನೋದು ಸಾಕ್ಷಿ ಆಗಲ್ಲ.

ಸಾಕ್ಷಿ ಆಗೋದು ರೆಕ್ಕೆ. ನಮ್ಮ ನೀಲಕಂಠ ರೆಕ್ಕೆ ಬಿಚ್ಚಿದ್ರೆ ಕಡುನೀಲಿ ನಡುವೆ ಅಗಲವಾದ ತಿಳಿನೀಲಿ ಪಟ್ಟೆ ಎದ್ದು ಕಾಣುತ್ತೆ. ಯುರೋಪಿಯನ್ ರೋಲರಿಗೆ ಆ ಪಟ್ಟೆ ಇಲ್ಲ, ರೆಕ್ಕೆ ಮುಂಭಾಗ ತಿಳಿನೀಲಿ, ಹಿಂದಿನ ಹಾರುವ ಗರಿಗಳೆಲ್ಲ ಕಪ್ಪು. ಎದೆ ನೋಡಿದ್ರೆ ನಮ್ಮದಕ್ಕೆ ಕಂದುನೇರಳೆ ಮೇಲೆ ಬಿಳಿ ಗೀರು, ಅದಕ್ಕೆ ತಲೆ, ಎದೆ, ಹೊಟ್ಟೆ ಎಲ್ಲ ತಿಳಿನೀಲಿ, ಬೆನ್ನು ಮಾತ್ರ ಇಟ್ಟಿಗೆಕಂದು. ಇಲ್ಲೊಂದು ತೊಡಕಿದೆ: ಈ ಸೀಸನ್ನಲ್ಲಿ ಬರೋ ಎಳೇ ಯುರೋಪಿಯನ್ ರೋಲರ್‌ಗಳು ಮಂಕಾಗಿರ್ತವೆ, ಎದೇಲಿ ಸಣ್ಣ ಗೀರೂ ಇರುತ್ತೆ, ಹಾಗಾಗಿ ಎದೆ ಒಂದನ್ನೇ ನಂಬ್ಕೊಂಡ್ರೆ ಕೈ ಕೊಡುತ್ತೆ. ಹಾರಿದ್ದನ್ನ ನೋಡಿದ್ರಾ? ನಿಮ್ಮ ಪತ್ರದಲ್ಲಿ ಅದೊಂದೇ ಇಲ್ಲ, ಬೇಕಾಗಿದ್ದೂ ಅದೇ.

ಈಗ ದಾಖಲೆ ವಿಷಯ. ಮಸುಕು ಫೋಟೋ ಅಂತ ಬೇಜಾರು ಮಾಡ್ಕೋಬೇಡಿ. ಅಪರೂಪದ ಹಕ್ಕಿಗೆ ಬೇಕಿರೋದು ಚಂದದ ಫೋಟೋ ಅಲ್ಲ, ಅದನ್ನೇ ಹೋಲೋ ಮಾಮೂಲಿ ಹಕ್ಕಿ ಇದಲ್ಲ ಅಂತ ತೋರಿಸೋ ಫೋಟೋ, ರೆಕ್ಕೆ ಅರ್ಧ ಬಿಚ್ಚಿರೋ ಒಂದು ಹಾಳು ಫೋಟೋ ಕೂತಿರೋ ಹತ್ತು ಚಂದದ ಫೋಟೋಗಿಂತ ಮೇಲು. ಒರಿಜಿನಲ್ ಫೈಲ್ ಹಾಗೇ ಇಟ್ಕೊಳ್ಳಿ, ಫಿಲ್ಟರ್ ಹಾಕ್ಬೇಡಿ, ಬಣ್ಣ ಏರಿಸ್ಬೇಡಿ. ವಾಟ್ಸಾಪಲ್ಲಿ ಫೋಟೋ ಅಂತ ಕಳ್ಸಿದ್ರೆ ಅದು ಕುಗ್ಗುತ್ತೆ, ಜೊತೆಗಿರೋ ದಿನ, ಟೈಮು, ಜಾಗದ ಮಾಹಿತೀನೂ ಹೋಗುತ್ತೆ, ಕಳಿಸ್ಲೇಬೇಕಾದ್ರೆ ಡಾಕ್ಯುಮೆಂಟ್ ಅಂತ ಕಳ್ಸಿ.

ಫೋಟೋಗಿಂತ ನಾನು ಹೆಚ್ಚು ಬೆಲೆ ಕೊಡೋದು ಬರವಣಿಗೆಗೆ. ಅದೂ ಆವತ್ತೇ ಬರೆದಿದ್ದಕ್ಕೆ, ಪುಸ್ತಕ ತೆಗೆಯೋ ಮುಂಚೆ, ಗೂಗಲ್ ಮಾಡೋ ಮುಂಚೆ. ಒಂದು ಸಲ ಚಿತ್ರ ನೋಡಿದ್ರೆ ಮುಗೀತು, ಆ ಚಿತ್ರಾನೇ ಬಂದು ನಿಮ್ಮ ನೆನಪಲ್ಲಿ ಕೂತುಬಿಡುತ್ತೆ, ನೋಡಿರದ ಕಪ್ಪು ಗರೀನೂ ನೋಡಿದ ಹಾಗೆ ಆಗುತ್ತೆ. ನಂಗೆ ಬರೋ ಪತ್ರಗಳಲ್ಲಿ ಮುಕ್ಕಾಲು ಪಾಲು 'ಅದೇ ಸರ್, ಪುಸ್ತಕದಲ್ಲಿ ಇರೋ ಹಾಗೇ ಇತ್ತು' ಅಂತ ಇರುತ್ತೆ, ಇದರಿಂದ ಏನೂ ಉಪಯೋಗ ಇಲ್ಲ. ಹೀಗೆ ಬರೀಬೇಕು ನೋಡಿ: 'ಬೆಳಗ್ಗೆ 7:40. ಬಿಸಿಲು ನನ್ನ ಬೆನ್ನ ಕಡೆಯಿಂದ. ತಂತಿ ಮೇಲೆ, ಸುಮಾರು 30 ಮೀಟರ್ ದೂರ, ಬೈನಾಕ್ಯುಲರ್ ಇರ್ಲಿಲ್ಲ. ಮೈನಾಗಿಂತ ದೊಡ್ಡದು. ಎದೇಲಿ ಗೀರು ಕಾಣಿಸ್ಲಿಲ್ಲ. ಎರಡು ಸಲ ನೆಲಕ್ಕೆ ಇಳಿದು ಹುಳ ಹಿಡೀತು, ಇಳಿಯುವಾಗ ರೆಕ್ಕೆ ಹಿಂಭಾಗ ಕಪ್ಪು, ನಡುವೆ ಪಟ್ಟೆ ಇಲ್ಲ. ಬಾಲದ ತುದಿ ಗಮನಿಸ್ಲಿಲ್ಲ. ಅದೇ ತಂತೀಲಿ ಸ್ವಲ್ಪ ದೂರ ಮಾಮೂಲಿ ನೀಲಕಂಠ ಒಂದಿತ್ತು, ಎರಡೂ ಬೇರೆ ಥರ ಇದ್ವು.' ಇದ್ರಲ್ಲಿ 'ಗಮನಿಸ್ಲಿಲ್ಲ' ಅಂತ ಇದ್ಯಲ್ಲ, ಆ ಒಂದು ಮಾತಿಗೇ ಓದೋರು ಮಿಕ್ಕಿದ್ದನ್ನ ನಂಬೋದು. ಎಲ್ಲಾನೂ ನೋಡಿದೀನಿ ಅನ್ನೋರ ಮೇಲೆ ನಂಗಂತೂ ಡೌಟೇ.

ಇದನ್ನ ಇ-ಬರ್ಡ್‌ಗೆ ಹಾಕಿ, ನೋಡಿದ ಹಕ್ಕಿಗಳ ಪಟ್ಟಿ ದಾಖಲಿಸೋ ವೆಬ್‌ಸೈಟ್ ಅದು. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಸಂಸ್ಥೆ 2002ರಲ್ಲಿ ಶುರು ಮಾಡಿದ್ದು, ಫ್ರೀ. ಆ ಜಾಗಕ್ಕೆ, ಆ ತಿಂಗಳಿಗೆ ಹೊಂದದ ಹಕ್ಕಿ ಹೆಸರು ಹಾಕಿದ ಕೂಡ್ಲೇ ಅದು ವಿವರ ಕೇಳುತ್ತೆ, ಆಮೇಲೆ ನಮ್ಮ ಕಡೆಯವರೇ ಆದ ಪರಿಶೀಲಕರೊಬ್ರು ನೋಡ್ತಾರೆ, ಅವರೂ ಸಂಬಳ ಇಲ್ದೆ ಮಾಡೋರು, ಮೇಲ್ ಬಂದ್ರೆ ಸಿಟ್ಟಾಗ್ಬೇಡಿ. ಒಪ್ಪದೇ ಇದ್ರೂ ನಿಮ್ಮ ಪಟ್ಟಿಯಿಂದ ಹಕ್ಕಿ ಹೋಗಲ್ಲ, ಸಾರ್ವಜನಿಕ ಮ್ಯಾಪಲ್ಲಿ ಬರಲ್ಲ ಅಷ್ಟೇ. ಒಪ್ಪಿದ್ರೆ, ಸಾಕ್ಷಿ ಗಟ್ಟಿ ಇದ್ರೆ, ಇಂಡಿಯನ್ ಬರ್ಡ್ಸ್ ಥರದ ಪತ್ರಿಕೆಗೆ ಒಂದು ಪುಟದ ಟಿಪ್ಪಣಿ ಕಳ್ಸಬಹುದು.

ಇಷ್ಟೆಲ್ಲ ಯಾಕೆ ಅಂದ್ರೆ, ಸಲೀಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನ ಸುತ್ತಿ ಹಕ್ಕಿ ಸರ್ವೆ ಮಾಡಿದ್ರು, ಆಗ ನಿಮ್ಮ ಜಿಲ್ಲೆಗೇ ಕಡೂರು ಜಿಲ್ಲೆ ಅಂತ ಹೆಸರು. ಯಾವ ಹಕ್ಕಿ, ಎಲ್ಲಿ, ಯಾವತ್ತು ಅಂತ ಅವರು ಬರೆದಿಟ್ಟಿದ್ದಕ್ಕೇ ನಾವಿವತ್ತು ಅದರ ಪಕ್ಕ ನಮ್ಮ ಪಟ್ಟಿ ಇಟ್ಟು ನೋಡಕ್ಕಾಗೋದು. ಅಂದಹಾಗೆ ಮಾಮೂಲಿ ನೀಲಕಂಠ ಕಂಡ್ರೆ ಅದನ್ನೂ ಪಟ್ಟಿಗೆ ಹಾಕಿ. 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಪ್ರಕಾರ ಅದೇ ಕಮ್ಮಿ ಆಗ್ತಿರೋದು.

ಪ್ರಶ್ನೆ: ಸಕಲೇಶಪುರದಲ್ಲಿ ನಮ್ಮ ಕಾಫಿ ತೋಟದಲ್ಲಿ, ಕೂಗು ಕೇಳಿ ಹಕ್ಕಿ ಹೆಸರು ಹೇಳೋ ಮರ್ಲಿನ್ ಆ್ಯಪ್ ಆನ್ ಮಾಡಿದ್ರೆ ಹಿಮಾಲಯದ ಹಕ್ಕಿ ಹೆಸರು ತೋರ್ಸುತ್ತೆ. ಸ್ಕ್ರೀನ್‌ಶಾಟ್ ಇದೆ, ಸಾಕಾ?
– ಸಕಲೇಶಪುರ

ಉತ್ತರ: ಸಾಲಲ್ಲಮ್ಮ. ಸ್ಕ್ರೀನ್‌ಶಾಟ್ ಅಂದ್ರೆ ಆ್ಯಪ್ ಏನು ಅಂದ್ಕೊಳ್ತು ಅನ್ನೋದು, ಹಕ್ಕಿ ಏನು ಕೂಗ್ತು ಅನ್ನೋದಲ್ಲ. ರೆಕಾರ್ಡಿಂಗ್ ಸೇವ್ ಆಗಿರುತ್ತೆ, ಅದನ್ನ ಇಟ್ಕೊಳ್ಳಿ. ನಿಮ್ಮ ತೋಟದ ನೆರಳಿನ ಮರಗಳಲ್ಲಿ ಭೀಮರಾಜ ಇರ್ಬೇಕಲ್ಲ, ಬಾಲದಲ್ಲಿ ಎರಡು ಉದ್ದ ತಂತಿ, ತುದೀಲಿ ಗರಿ ಬಿಟ್ಕೊಂಡಿರೋ ಕರೀ ಹಕ್ಕಿ, ಅವನು ದೊಡ್ಡ ಮಿಮಿಕ್ರಿ ಕಲಾವಿದ. ಬೇರೆ ಹಕ್ಕಿಗಳ ಕೂಗನ್ನ ಎತ್ತಿ ಎತ್ತಿ ಹಾಡ್ತಾನೆ, ಆ್ಯಪ್ ಇರ್ಲಿ ಅನುಭವಸ್ಥರೇ ಎಷ್ಟೋ ಸಲ ಮೋಸ ಹೋಗ್ತಾರೆ. ಕೂಗು ಬಂದ ಕೊಂಬೆ ಕಡೆ ಕಣ್ಣಿಟ್ಟು ಹಕ್ಕೀನ ನೋಡಿ, ಆಮೇಲೆ ಹೆಸರಿಡಿ. ಮತ್ತೆ ಅದನ್ನ ಹೊರಗೆ ಕರಿಯೋಕೆ ಅಂತ ಫೋನಲ್ಲಿ ಅದೇ ಕೂಗು ಜೋರಾಗಿ ಹಾಕ್ಬೇಡಿ, ಹಕ್ಕಿಗೂ ತೊಂದ್ರೆ, ಆಮೇಲೆ ಆ ರೆಕಾರ್ಡಿಂಗಲ್ಲಿ ಯಾವುದು ಹಕ್ಕಿ ಯಾವುದು ಫೋನು ಅಂತಾನೂ ಗೊತ್ತಾಗಲ್ಲ.

ಪ್ರಶ್ನೆ: ನಮ್ಮ ಮೂಡಿಗೆರೆ ಕಡೆ ನಮ್ಮಜ್ಜನ ಕಾಲದಲ್ಲಿ ನವಿಲೇ ಇರ್ಲಿಲ್ಲವಂತೆ, ಈಗ ತೋಟದಲ್ಲೆಲ್ಲ ಓಡಾಡ್ತವೆ. ಇದೂ ಅಪರೂಪದ ದಾಖಲೆ ಆಗುತ್ತಾ?
– ಮೂಡಿಗೆರೆ

ಉತ್ತರ: ಅಪರೂಪ ಅಲ್ಲ, ಆದ್ರೆ ದಾಖಲೆ ಖಂಡಿತ ಆಗುತ್ತೆ. ದಾರಿ ತಪ್ಪಿ ಬಂದ ಹಕ್ಕಿ ಬೇರೆ, ಬಂದು ನೆಲೆ ನಿಲ್ಲೋ ಹಕ್ಕಿ ಬೇರೆ. ನವಿಲು ಒಣ ಕುರುಚಲು ಕಾಡಿನ ಹಕ್ಕಿ, ಮಳೆ ಜಾಸ್ತಿ ಇರೋ ಕೇರಳದಲ್ಲೇ ಈಚಿನ ದಶಕಗಳಲ್ಲಿ ಚೆನ್ನಾಗಿ ಹರಡಿದೆ. ನೀವು ಮಾಡ್ಬೇಕಾದ್ದು ಒಂದೇ ದಿನದ ಫೋಟೋ ಅಲ್ಲ. ಮೊದಲು ಯಾವ ವರ್ಷ ಕಂಡಿದ್ದು, ಮಳೆಗಾಲದಲ್ಲೂ ಇರ್ತಾವಾ, ಮರಿ ಜೊತೆ ಕಂಡಿದ್ದುಂಟಾ ಅಂತ ಅಜ್ಜನ ಕಾಲದವರು ಯಾರಿದ್ರೂ ಕೇಳಿ ಅವರ ಮಾತು ಅಂತಾನೇ ಬೇರೆಯಾಗಿ ಬರೆದಿಡಿ, ನಿಮ್ಮ ಕಣ್ಣಿಗೆ ಕಂಡಿದ್ದನ್ನ ಬೇರೆ ಬರೀರಿ, ಎರಡೂ ಕಲಸ್ಬೇಡಿ. ಗೂಡು ಸಿಕ್ಕಿದ್ರೆ ಜಾಗ ಮಾತ್ರ ಯಾವ ಗ್ರೂಪಿಗೂ ಹಾಕ್ಬೇಡಿ.

ಪ್ರಶ್ನೆ: ಹಾಸನದಲ್ಲಿ ನಮ್ಮ ಟೆರೇಸ್ ಮೇಲೆ ಬೂದು ಬಣ್ಣದ ಗಿಳಿ ಬಂದಿದೆ, ತಲೇಲಿ ಹಳದಿ ಜುಟ್ಟು, ಕೆನ್ನೇಲಿ ಕಿತ್ತಳೆ ಚುಕ್ಕೆ. ಕರ್ನಾಟಕಕ್ಕೆ ಹೊಸ ಹಕ್ಕೀನಾ?
– ಹಾಸನ

ಉತ್ತರ: ಅದು ಕಾಕಟೀಲ್, ಆಸ್ಟ್ರೇಲಿಯಾದ್ದು, ಯಾರದೋ ಮನೆ ಪಂಜರದಿಂದ ತಪ್ಪಿಸ್ಕೊಂಡು ಬಂದಿರೋದು. ಒಂದು ಬಟ್ಟಲು ನವಣೆ, ಪಕ್ಕದಲ್ಲಿ ನೀರು ಇಡಿ, ಬೀದೀಲಿ ಯಾರ ಮನೇಲಿ ಗಿಳಿ ಕಳೆದಿದೆ ಅಂತ ವಿಚಾರ್ಸಿ, ಬೆಕ್ಕಿಗೆ ಸಿಗೋಕೆ ಮುಂಚೆ.