ಬೋರಲು ಹಾಕಿದರೆ ಅಳುವ ಕೂಸು

‘ಮೇಡಂ, ಬೋರಲು ಹಾಕಿದ್ರ ಇಪ್ಪತ್ತು ಸೆಕೆಂಡ್ ಸೈತ ಇರಂಗಿಲ್ರೀ. ಮಾರಿ ಕೆಂಪಗ ಮಾಡ್ಕೊಂಡು ಒದರ್ತದ.’

ಹತ್ತು ವಾರದ ಹೆಣ್ಣು ಕೂಸನ್ನು ತೊಡೆ ಮೇಲೆ ಇಟ್ಟುಕೊಂಡು ಆ ತಾಯಿ ನನಗೆ ಹೇಳಿದ ಮೊದಲ ಮಾತು ಇದು. ಯಾದಗಿರಿ ಕಡೆಯ ಗಂಡನ ಮನೆಯಿಂದ ಚೊಚ್ಚಲ ಬಾಣಂತನಕ್ಕೆ ಕಲಬುರಗಿಯ ತವರಿಗೆ ಬಂದವರು. ಜೊತೆಗೆ ಅವರ ಅವ್ವನೂ ಬಂದಿದ್ದರು. ಗುರುತು ಸಿಗುವಂಥ ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ.

ನಾದಿನಿಯ ಮಗುವಿಗೂ ಇಷ್ಟೇ ವಯಸ್ಸು. ಅದು ಬೋರಲು ಮಲಗಿ ತಲೆ ಎತ್ತುವ ವಿಡಿಯೋ ಮನೆಯವರ ವಾಟ್ಸಾಪ್ ಗ್ರೂಪಿಗೆ ಬಂದಿತ್ತು. ಅವತ್ತಿನಿಂದ ಈ ತಾಯಿಗೆ ನಿದ್ದೆ ಇಲ್ಲ. ದಿನಕ್ಕೆ 30 ನಿಮಿಷ ಬೋರಲು ಹಾಕಬೇಕು ಅಂತ ಎಲ್ಲೋ ಓದಿದ್ದರು. ಫೋನಿನಲ್ಲಿ ಟೈಮರ್ ಇಟ್ಟು ಹಾಕುತ್ತಿದ್ದರು. ಕೂಸು ಅಳುತ್ತಿತ್ತು, ಇವರೂ ಅಳುತ್ತಿದ್ದರು.

ಅವ್ವನ ವಾದ ಬೇರೆ. ‘ಕುತ್ತಿಗಿ ನಿಲ್ಲದ ಕೂಸಿಗೆ ಯಾರರೆ ಬೋರಲು ಹಾಕ್ತಾರೇನ್ರಿ? ಎದಿ ಒತ್ತತದ.’ ಮನೆಯಲ್ಲಿ ಇದೇ ಜಗಳ ದಿನಾ ನಡೆಯುತ್ತಿತ್ತು.

ಮೊದಲು ಆ 30 ನಿಮಿಷದ ಗಂಟು ಬಿಡಿಸಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಲೆಕ್ಕ ಅದು, ನಿಜ. ಆದರೆ ಕೂಸು ಎಚ್ಚರ ಇದ್ದಾಗ, ಇಡೀ ದಿನಕ್ಕೆ ಹಂಚಿ, ಎಲ್ಲ ಸೇರಿ ಅಷ್ಟು. ಒಂದೇ ಸಲಕ್ಕೆ ಅಲ್ಲ. ಶುರುವಿಗೆ ದಿನಕ್ಕೆ ಎರಡು ಮೂರು ಸಲ, ಒಂದೆರಡು ನಿಮಿಷ ಹಾಕಿದರೂ ಸಾಕು, ಆಮೇಲೆ ಮೆಲ್ಲಗೆ ಹೆಚ್ಚಿಸುತ್ತಾ ಹೋಗಬೇಕು. ಅಷ್ಟು ಕೇಳಿದ ತಕ್ಷಣ ಅವರ ಭುಜ ಇಳಿಯಿತು. ಎಷ್ಟು ದಿನದಿಂದ ಬಿಗಿ ಹಿಡಿದಿದ್ದರೋ!

ಆಮೇಲೆ ಮನೆಯಲ್ಲಿ ಹೇಗೆ ಹಾಕುತ್ತೀರಿ ಅಂತ ಕೇಳಿದೆ. ಮೆತ್ತನೆಯ ಗಾದಿ ಮೇಲೆ. ಹಾಲು ಕುಡಿಸಿದ ಕೂಡಲೇ, ಯಾಕೆಂದರೆ ಆಗ ಅಳುವುದಿಲ್ಲ ಅಂತ. ಚಾಪೆ ಮೇಲೆ ಹಾಕಿ ತೋರಿಸಿದಾಗ ಕೂಸಿನ ಎರಡೂ ಕೈ ಎದೆ ಕೆಳಗೆ ಸಿಕ್ಕಿಕೊಂಡವು. ತಾಯಿ ನಿಂತು ಟೈಮರ್ ನೋಡುತ್ತಿದ್ದರು. ಕೂಸಿಗೆ ಕಾಣುತ್ತಿದ್ದುದು ಚಾಪೆ ಮಾತ್ರ. ಹುಟ್ಟಿದ ಕೂಸಿನ ಮೈಯುದ್ದದಲ್ಲಿ ಕಾಲು ಭಾಗ ತಲೆಯೇ ಇರುತ್ತದೆ. ಇನ್ನೂ ಬಲಿಯದ ಕುತ್ತಿಗೆಯಿಂದ ಅಷ್ಟು ಭಾರ ಎತ್ತಬೇಕು. ಹೊಟ್ಟೆ ತುಂಬ ಹಾಲು, ಕೈಗೆ ಆಸರೆ ಇಲ್ಲ, ಅವ್ವನ ಮುಖ ಇಲ್ಲ. ಅಳದೇ ಏನು ಮಾಡೀತು?

ಆಗ ಅಜ್ಜಿ ಕಡೆ ತಿರುಗಿ, ‘ನೀವು ಕೂಸಿಗೆ ಹ್ಯಾಂಗ ಎರೀತೀರಿ ಅವ್ವಾ, ತೋರಸ್ರಿ’ ಅಂದೆ. ಅವರು ಚಾಪೆ ಮೇಲೆ ಕಾಲು ಚಾಚಿ ಕೂತರು. ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡರು. ಬೆನ್ನಿಗೆ ಎಣ್ಣೆ ಹಚ್ಚುವ ಹಾಗೆ ಕೈ ಆಡಿಸುತ್ತಾ ಏನೋ ಗುನುಗಿದರು. ಕೂಸು ಜೊಲ್ಲು ಸುರಿಸುತ್ತಾ ತೆಪ್ಪಗೆ ಮಲಗಿತ್ತು. ಒಮ್ಮೆ ತಲೆ ಎತ್ತಿ ಆಕಡೆ ತಿರುಗಿಸಿತು ಕೂಡ. ನಾನು ಗಡಿಯಾರ ನೋಡಿದೆ. ಮೂರು ನಿಮಿಷ ದಾಟಿತ್ತು.

‘ಇದೇ ಅವ್ವಾ ಬೋರಲು ಹಾಕೂದು’ ಅಂದೆ.

‘ಇದು ಎರಿಯೂದ್ರಿ!’ ಅಂದರು ಅಜ್ಜಿ. ಮಗಳು ಮಾತ್ರ ಬಾಯಿಗೆ ಸೆರಗು ಹಿಡಿದು ಅತ್ತುಬಿಟ್ಟರು. ತಾನು ವಾರಗಟ್ಟಲೆ ಒದ್ದಾಡಿದ್ದು ಪಕ್ಕದಲ್ಲೇ ದಿನಾ ಬೆಳಗ್ಗೆ ನಡೆಯುತ್ತಿತ್ತು. ನನಗೂ ಕಣ್ಣು ತುಂಬಿತು. ನಮ್ಮ ಕಡೆಯ ಅಜ್ಜಿಯರ ಕಾಲ ಮೇಲೆ ಎಷ್ಟು ಕೂಸುಗಳ ಕುತ್ತಿಗೆ ಗಟ್ಟಿಯಾಗಿದೆಯೋ.

ಹಾಗಾಗಿ ಸಲಹೆಯನ್ನು ಅಲ್ಲಿಂದಲೇ ಶುರು ಮಾಡಿದೆವು. ಬೆಳಗಿನ ಎಣ್ಣೆ ಅಜ್ಜಿಯ ಪಾಲು. ನೀರು ಹಾಕುವಾಗ ಮಾತ್ರ ಮೂಗು ಬಾಯಿಗೆ ನೀರು ಹೋಗದ ಹಾಗೆ ನೋಡಿಕೊಳ್ಳಬೇಕು. ಮಧ್ಯಾಹ್ನ ತಾಯಿ ದಿಂಬಿಗೆ ಒರಗಿ ಕೂತು ಕೂಸನ್ನು ತನ್ನ ಎದೆ ಮೇಲೆ ಬೋರಲು ಹಾಕಿಕೊಳ್ಳಬೇಕು. ಅವ್ವನ ಮುಖ ನೋಡಲು ಅದು ತಾನೇ ತಲೆ ಎತ್ತುತ್ತದೆ. ತಾಯಿಗೆ ತೂಕಡಿಕೆ ಬಂದರೆ ಕೂಸನ್ನು ಕೆಳಗಿಳಿಸಬೇಕು. ಸಂಜೆ ಶಹಾಬಾದಿ ಫರಸಿ ಮೇಲೆ ಒಂದು ಕೌದಿ ಹಾಸಿದರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಗಟ್ಟಿ ಇರುತ್ತದೆ, ನಮ್ಮ ಬೇಸಿಗೆಗೆ ತಂಪೂ ಹೌದು. ಟವೆಲ್ ಸುತ್ತಿ ಎದೆ ಕೆಳಗೆ ಇಟ್ಟು ಕೈಗಳನ್ನು ಮುಂದೆ ತರಬೇಕು. ತಾಯಿಯೂ ಎದುರಿಗೆ ಬೋರಲು ಮಲಗಿ ಮಾತಾಡಬೇಕು. ಹಾಲು ಕುಡಿಸಿ ಅರ್ಧ ಗಂಟೆ ಬಿಡಬೇಕು. ಸ್ವಲ್ಪ ಮುಲುಗಿದರೆ ಹಾಡಿ ಸಮಾಧಾನ ಮಾಡಿ, ಜೋರಾಗಿ ಅತ್ತರೆ ಎತ್ತಿಕೊಳ್ಳಿ ಅಂದೆ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ನಿಂತೆ. ಮಲಗಿಸುವುದು ಯಾವಾಗಲೂ ಅಂಗಾತ. ಬೋರಲು ಮಲಗಿದ ಕೂಸುಗಳು ನಿದ್ದೆಯಲ್ಲೇ ದಿಢೀರ್ ಸಾಯುವ ಅಪಾಯ ಜಾಸ್ತಿ. ನಿದ್ದೆಗೆ ಬೋರಲು ಹಾಕಬೇಡಿ ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ 1992ರಿಂದಲೇ ಹೇಳುತ್ತಿದೆ. ಎದೆ ಒತ್ತುತ್ತದೆ ಅಂತ ಅಜ್ಜಿ ಹೆದರಿದ್ದು ಸುಮ್ನೆ ಅಲ್ಲ, ನಿದ್ದೆಯ ಹೊತ್ತಿಗೆ ಆ ಹೆದರಿಕೆ ಇರಲೇಬೇಕು. ಆಡುತ್ತಾ ಕೂಸು ಬೋರಲಲ್ಲೇ ನಿದ್ದೆ ಹೋದರೆ ಮೆಲ್ಲಗೆ ಅಂಗಾತ ತಿರುಗಿಸಬೇಕು. ತಲೆ ದುಂಡಗಾಗಲಿ ಅಂತ ಇಟ್ಟಿದ್ದ ಸಾಸಿವೆ ದಿಂಬನ್ನೂ ತೆಗೆಸಿದೆ. ಎಚ್ಚರ ಇದ್ದಾಗ ಬೋರಲು ಹಾಕಿದರೆ ತಲೆ ಹಿಂಭಾಗ ಚಪ್ಪಟೆ ಆಗುವುದೂ ಕಡಿಮೆ ಆಗುತ್ತದೆ ಅಂದಾಗ ಅಜ್ಜಿ ಅರೆಮನಸ್ಸಿನಿಂದ ಒಪ್ಪಿದರು.

ತಾಯಿಯ ಜೊತೆ ಒಬ್ಬರೇ ಇದ್ದಾಗಲೂ ಮಾತಾಡಿದೆ. ಬಾಣಂತಿಯರ ಮನಸ್ಸು ತಿಳಿಯಲು ಕೇಳುವ ಹತ್ತು ಪ್ರಶ್ನೆ ಕೇಳಿದೆ. ಖಿನ್ನತೆಯ ಸುಳಿವು ಕಾಣಲಿಲ್ಲ. ಆದರೆ ‘ನನ್ನಿಂದ ಏನೋ ಕಮ್ಮಿ ಆಗ್ಯದ’ ಅನ್ನುವ ಭಯ ಒಳಗೆ ಕೂತಿತ್ತು. ಆ ಗ್ರೂಪನ್ನು ಸ್ವಲ್ಪ ದಿನ ಮ್ಯೂಟ್ ಮಾಡಿ ಅಂದೆ. ದುಃಖ ಎರಡು ವಾರ ಬಿಡದೇ ಇದ್ದರೆ, ಬದುಕೇ ಬೇಡ ಅನಿಸಿದರೆ, 14416ಕ್ಕೆ ಫೋನ್ ಮಾಡಿ, ಇಲ್ಲವೇ ನನ್ನ ಬಳಿ ಓಡಿ ಬನ್ನಿ ಅಂತ ಹೇಳಿದೆ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ.

ಕೂಸು ಸದಾ ಒಂದೇ ಕಡೆ ತಲೆ ತಿರುಗಿಸಿದರೆ, ಮೈ ತೀರ ಸೆಟೆದಂತೆ ಅಥವಾ ಅರಿವೆಯಂತೆ ಜೋಲು ಅನಿಸಿದರೆ, ನಾಲ್ಕು ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ ಎಂದೂ ತಿಳಿಸಿದೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಾದರೆ ಆ ವಾರಗಳನ್ನು ಕಳೆದು ಲೆಕ್ಕ ಹಾಕಬೇಕು. ಇವರ ಕೂಸು ದಿನ ತುಂಬಿ ಹುಟ್ಟಿತ್ತು.

ಮೂರು ವಾರ ಬಿಟ್ಟು ಬಂದಾಗ ಕೂಸು ಮೊಣಕೈ ಊರಿ ಕೆಲವು ಸೆಕೆಂಡ್ ನನ್ನನ್ನೇ ನೋಡಿತು. ಅಜ್ಜಿ, ‘ನನ್ನ ಕಾಲ ಮ್ಯಾಲೆ ಇನ್ನೂ ಜಾಸ್ತಿ ಹೊತ್ತು ಇರ್ತದ್ರಿ’ ಅಂದರು. ಮುಂದಿನ ತಿಂಗಳು ತಾಯಿ ಯಾದಗಿರಿಗೆ ಹೊರಡುತ್ತಾರೆ. ಅಲ್ಲಿ ಅಜ್ಜಿಯ ಕಾಲು ಇರುವುದಿಲ್ಲ. ಅದಕ್ಕೇ ಮುಂದಿನ ಸಲ ಗಂಡನನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ. ಕಾಲು ಚಾಚಿ ಕೂತು ಕೂಸನ್ನು ಬೋರಲು ಹಾಕಿಕೊಳ್ಳುವುದನ್ನು ಅವರಿಗೆ ಅಜ್ಜಿಯೇ ಕಲಿಸುತ್ತಾರಂತೆ.