ಬೆಳ್ಳಿ ನೀರಿನ ಲೇಖನ: ಪದಗಳನ್ನು ತಿದ್ದಿ ಕಳಿಸಿ

ಪ್ರಿಯ ಲೇಖಕರೇ,

ನೀರಿನಲ್ಲಿಟ್ಟ ಬೆಳ್ಳಿಗೆ ಕರೆಂಟು ಹರಿಸಿ ಮನೆಯಲ್ಲೇ ಕಲಿಲ ಬೆಳ್ಳಿ (ಬೆಳ್ಳಿಯ ನುಣ್ಣನೆಯ ಕಣಗಳು ಹರಡಿರುವ ನೀರು) ತಯಾರಿಸುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಬರವಣಿಗೆ ಸರಾಗವಾಗಿದೆ. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಪಾರಿಭಾಷಿಕ ಪದಗಳು ಅದಲುಬದಲಾಗಿ, ಕೊನೆಗೆ ಲೋಟದಲ್ಲಿ ಇರುವುದೇನು ಎಂಬುದೇ ಓದುಗರಿಗೆ ತಿಳಿಯದಂತಾಗಿದೆ.

"27 ವೋಲ್ಟ್ ಕರೆಂಟ್ ಹರಿಸಿದರೆ ಬೆಳ್ಳಿಯ ಅಣುಗಳು ಕಳಚಿ, ನೀರಿನಲ್ಲಿ ಕರಗಿ ಕಲಿಲವಾಗುತ್ತವೆ" ಎಂದಿದ್ದೀರಿ. ವೋಲ್ಟ್ ಎಂಬುದು ವಿಭವಾಂತರದ (ಕರೆಂಟನ್ನು ತಳ್ಳುವ ಒತ್ತಡದ) ಅಳತೆ, ಕರೆಂಟಿನದು ಆಂಪಿಯರ್. ಎಷ್ಟು ಬೆಳ್ಳಿ ಬಿಡುತ್ತದೆ ಎಂಬುದು ಕರೆಂಟು ಮತ್ತು ಅದು ಹರಿದ ಹೊತ್ತಿನ ಮೇಲೆ ನಿಂತಿದೆ. ಫ್ಯಾರಡೆ ನಿಯಮದ ಲೆಕ್ಕದಲ್ಲಿ 1 ಮಿಲಿಆಂಪಿಯರ್ ಒಂದು ಗಂಟೆ ಹರಿದರೆ ಹೆಚ್ಚೆಂದರೆ ಸುಮಾರು 4 ಮಿಲಿಗ್ರಾಂ. ಕಳಚುವುದು ಅಣುವೂ ಅಲ್ಲ. ಧನಾಗ್ರದಲ್ಲಿ ಬೆಳ್ಳಿಯ ಪರಮಾಣು ಒಂದು ಎಲೆಕ್ಟ್ರಾನ್ ಕಳೆದುಕೊಂಡು ಅಯಾನಾಗಿ, ಅಂದರೆ ವಿದ್ಯುದಾವೇಶವಿರುವ ಕಣವಾಗಿ, ನೀರಿಗಿಳಿಯುತ್ತದೆ. ಋಣಾಗ್ರದಲ್ಲಿ ಹೈಡ್ರೋಜನ್ ಗುಳ್ಳೆ ಏಳುತ್ತದೆ.

ಹೀಗೆ ಇಳಿದ ಅಯಾನು ನಿಜಕ್ಕೂ ಕರಗಿರುತ್ತದೆ. ಕಲಿಲದಲ್ಲಾದರೆ ಲೋಹದ ನುಣ್ಣನೆಯ ಕಣಗಳು ಕರಗದೆ ಹರಡಿಕೊಂಡಿರುತ್ತವೆ. ಈ ವಿಧಾನದಲ್ಲಿ ಸಿಗುವ ಬಣ್ಣವಿಲ್ಲದ ನೀರಿನಲ್ಲಿ ಸಾಮಾನ್ಯವಾಗಿ ಬಹುಪಾಲು ಅಯಾನುಗಳೇ. ಬೆಳ್ಳಿಯ ನ್ಯಾನೊ ಕಣಗಳು ಸಾಕಷ್ಟಿದ್ದರೆ 400 ನ್ಯಾನೊಮೀಟರ್ ಆಸುಪಾಸಿನ ಬೆಳಕನ್ನು ಹೀರಿ ನೀರನ್ನು ಹಳದಿ ಮಾಡುತ್ತವೆ. ಹಾಗಾಗಿ "ತಿಳಿಯಾದಷ್ಟೂ ಒಳ್ಳೆಯ ಕಲಿಲ" ಎಂಬ ನಿಮ್ಮ ಸಾಲು ಪೂರ್ತಿ ತಿರುಗುಮುರುಗಾಗಿದೆ.

"10 ಪಿಪಿಎಂ ಗಾತ್ರದ ಕಣ" ಎಂಬುದನ್ನೂ ತೆಗೆಯಿರಿ. ಅದು ಗಾತ್ರವಲ್ಲ, ಲೀಟರಿಗೆ 10 ಮಿಲಿಗ್ರಾಂ ಎಂಬ ಪ್ರಮಾಣ. ನೀವು ನಂಬಿರುವ ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಘನವಸ್ತು) ಮೀಟರ್ ಅಳೆಯುವುದು ನೀರಿನ ವಾಹಕತೆಯನ್ನು, ಕಣಗಳನ್ನಲ್ಲ.

ನನಗೆ ಹೆಚ್ಚು ಕಳವಳ ತಂದದ್ದು ಉಪ್ಪಿನ ಮಾತು. ಚಿಟಿಕೆ ಉಪ್ಪನ್ನು "ವೇಗವರ್ಧಕ" ಎಂದಿದ್ದೀರಿ. ವೇಗವರ್ಧಕ ಕ್ರಿಯೆಯಲ್ಲಿ ಖರ್ಚಾಗುವುದಿಲ್ಲ. ಉಪ್ಪಿನ ಕ್ಲೋರೈಡ್ ಬೆಳ್ಳಿ ಅಯಾನಿನ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ, ನೀರು ಹಾಲಿನಂತೆ ಮಂಕಾಗುತ್ತದೆ. ನೀವೇ ವರ್ಣಿಸಿರುವ "ಬಿಳಿ ಮೋಡ" ಬಹುಶಃ ಅದೇ. ಅದನ್ನು ಕಲಿಲ ಬೆಳ್ಳಿ ಎಂದು ಕುಡಿಯಲು ಹೇಳುತ್ತಿದ್ದೀರಿ.

ಕುಡಿಯುವ ಪ್ರಮಾಣದ ಪ್ಯಾರಾವನ್ನು ನಾನು ಹೇಗೂ ಹಾಕುವುದಿಲ್ಲ. ಬೆಳ್ಳಿ ಮೈಯಲ್ಲಿ ಶೇಖರವಾದರೆ ಚರ್ಮ ಶಾಶ್ವತವಾಗಿ ನೀಲಿಬೂದು ಬಣ್ಣಕ್ಕೆ ತಿರುಗಬಹುದು, ಆರ್ಜಿರಿಯಾ ಎನ್ನುತ್ತಾರೆ. ಕಲಿಲ ಬೆಳ್ಳಿಯ ಔಷಧಗಳು ಸುರಕ್ಷಿತವೆಂದಾಗಲಿ ಪರಿಣಾಮಕಾರಿಯೆಂದಾಗಲಿ ಒಪ್ಪಲಾಗದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಹೇಳಿದೆ. ಆ ಜಾಗದಲ್ಲಿ ಇದನ್ನು ಬರೆಯಿರಿ. ಎಷ್ಟು ಮಿಲಿಆಂಪಿಯರ್, ಎಷ್ಟು ಹೊತ್ತು, ಎಷ್ಟು ನೀರು ಎಂಬುದನ್ನೂ ಸೇರಿಸಿ ಕಳಿಸಿ. ಖಂಡಿತ ಮತ್ತೆ ಓದುತ್ತೇನೆ.

ಸಂಪಾದಕ